ಎಡಗೈಯ ಗವಸು

ಲಕ್ವ ಹೊಡೆದು ಹಂಪಣ್ಣನ ಬಲಗೈ ಬಿದ್ದುಹೋಯಿತೆಂದು ರಾಯದುರ್ಗದಿಂದ ಫೋನು ಬಂದ ಮಧ್ಯಾಹ್ನ, ಬಳ್ಳಾರಿಯ ಹಾಸ್ಟೆಲಿನಲ್ಲಿ ಶಿವಲಕ್ಷ್ಮಿ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ತಿಂದಳು. ಎದುರಿಗೆ ಕೂತ ಗೆಳತಿ ಏನು ವಿಶೇಷ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಒಂದು ಒಳ್ಳೆಯದಾಯಿತು ಎಂದಳು. ತುಪ್ಪ ಸಾಲದೆಂದು ಇನ್ನೊಂದು ಚಮಚ ಕೇಳಿದಳು.

ಹಂಪಣ್ಣ ಅವಳ ದೊಡ್ಡಪ್ಪ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕೆಲಸ ಮಾಡುವವರಿಗೆಲ್ಲ ಗೊತ್ತಿದ್ದ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಮಷೀನು ಓಡಿಸಿದನೆಂದರೆ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಕೆಳಗೆ ಶೆಡ್ಡು, ಹದಿನಾರು ಹೊಲಿಗೆ ಮಷೀನು, ಮೇಲೆ ಸಂಸಾರ. ಸಂಸಾರವನ್ನೂ ಅವನು ಹಾಗೆಯೇ ಗೆರೆ ಎಳೆದು ಕತ್ತರಿಸಿ ಇಟ್ಟಿದ್ದ. ಅವನೂ ಅವನ ಮಗ ರವಿತೇಜನೂ ಪಡಸಾಲೆಯಲ್ಲಿ ಉಣ್ಣಬೇಕು. ಅವನ ಹೆಂಡತಿ ತಿಪ್ಪಮ್ಮ ಅಡುಗೆಮನೆಯಲ್ಲಿ. ಸತ್ತ ತಮ್ಮ ತಿರುಪತಿಯ ಹೆಂಡತಿ ರಾಮಾಂಜಿನಮ್ಮ, ಎಲ್ಲರದೂ ಆದಮೇಲೆ, ಹಿತ್ತಲಿನ ಬಚ್ಚಲಕಟ್ಟೆಯ ಮೇಲೆ.

ಈ ರಾಮಾಂಜಿನಮ್ಮನೇ ಶಿವಲಕ್ಷ್ಮಿಯ ತಾಯಿ. ಮಗಳು ಏಳನೇ ತರಗತಿಯಲ್ಲಿದ್ದಾಗ ಪ್ಯಾಂಟಿನ ಬಂಡಲ್ ಹೊತ್ತು ಅಟ್ಟ ಹತ್ತುವಾಗ ಬಿದ್ದು ಬಲಭುಜ ಮುರಿದುಕೊಂಡಳು. ಕಟ್ಟು ಬಿಚ್ಚಿದ ದಿನ ಡಾಕ್ಟರು, ದಿನಕ್ಕೆ ನಾಲ್ಕು ಸಲ ಗೋಡೆಯ ಮೇಲೆ ಬೆರಳು ಹತ್ತಿಸು, ಇಲ್ಲದಿದ್ದರೆ ಭುಜ ಬಿಗಿದುಹೋಗುತ್ತದೆ ಎಂದಿದ್ದರು. ಹುಡುಗಿ ಪೆನ್ಸಿಲಿನಿಂದ ಗೋಡೆಗೆ ಗೆರೆ ಎಳೆದು, ಇವತ್ತು ಇಲ್ಲಿಗೆ, ನಾಳೆ ಇಲ್ಲಿಗೆ ಎಂದು ತಾಯಿಗೆ ತೋರಿಸಿದಳು. ಮೂರು ಗೆರೆ ದಾಟಿದ್ದಾಯಿತು. ನಾಲ್ಕನೆಯ ದಿನ ಹಂಪಣ್ಣ ಮೆಟ್ಟಿಲು ಹತ್ತಿ ಬಂದು ನೋಡಿದ.

"ಗೋಡಿ ಹತ್ತೋ ನಾಟಕ ಸಾಕು. ಬಂಡಲ್ ಎತ್ತು, ಕೈ ತಾನಾಗಿ ಬರತೈತಿ," ಎಂದ. ಅವತ್ತೇ ಗೋಡೆಗೆ ಸುಣ್ಣ ಹೊಡೆಸಿದ.

ಕೈ ಬರಲಿಲ್ಲ. ಭುಜದ ಮಟ್ಟಕ್ಕೆ ಬಂದು ನಿಂತದ್ದು ಅಲ್ಲೇ ನಿಂತಿತು. ಹನ್ನೆರಡು ವರ್ಷದಿಂದ ರಾಮಾಂಜಿನಮ್ಮ ತನ್ನ ಹೆರಳನ್ನು ತಾನು ಹೆಣೆದುಕೊಂಡಿಲ್ಲ. ಮಗಳು ಹೆಣೆಯುತ್ತಿದ್ದಳು, ಮಗಳು ಹಾಸ್ಟೆಲ್ ಸೇರಿದ ಮೇಲೆ ಒಂದು ಕಡೆಗೆ ವಾಲಿದ ಗಂಟು.

ರಜೆ ಬಂದರೆ ಶಿವಲಕ್ಷ್ಮಿ ಮಡಕಶಿರಾ ಕಡೆಯ ಅಜ್ಜಿಮನೆಗೆ ಹೋಗುತ್ತಿದ್ದಳು. ಬೊಮ್ಮಕ್ಕಜ್ಜಿಯ ಕಥೆಗಳಲ್ಲಿ ರಾಜ ಕೊನೆಗೆ ಕೆಟ್ಟವರನ್ನು ಸುಣ್ಣದ ಗೂಡಿಗೆ ಹಾಕಿಸುತ್ತಿದ್ದ. ಹುಡುಗಿ ಆ ಗೂಡಿನಲ್ಲಿ ದೊಡ್ಡಪ್ಪನನ್ನು ನಿಲ್ಲಿಸಿ, ಬೆಂಕಿ ಸರಿಯಾಗಿ ಹತ್ತಿದೆಯೋ ಇಲ್ಲವೋ ನೋಡಿಕೊಂಡು, ಆಮೇಲೆ ನಿದ್ದೆ ಹೋಗುತ್ತಿದ್ದಳು. ದೊಡ್ಡವಳಾಗಿ ಫಿಸಿಯೋಥೆರಪಿ ಓದಿದ್ದಕ್ಕೂ, ಈಗ ಅದರಲ್ಲೇ ಮಾಸ್ಟರ್ಸ್ ಎರಡನೇ ವರ್ಷದಲ್ಲಿದ್ದು, ಲಕ್ವ ಹೊಡೆದ ಕೈಕಾಲನ್ನು ಮತ್ತೆ ಕೆಲಸಕ್ಕೆ ಹಚ್ಚುವುದನ್ನು ಕಲಿಯುತ್ತಿರುವುದಕ್ಕೂ ಆ ಸುಣ್ಣ ಬಳಿದ ಗೋಡೆಯೇ ಕಾರಣ. ಸೇರಿದಾಗ ಹಂಪಣ್ಣ ಶೆಡ್ಡಿನ ಹೆಂಗಸರೆಲ್ಲ ಕೇಳುವಂತೆ, ಎಣ್ಣೆ ತಿಕ್ಕುವುದಕ್ಕೂ ಡಿಗ್ರಿ ಐತಂತೆ ನೋಡ್ರಿ ಎಂದಿದ್ದ.

ಕೈ ಬಿದ್ದು ಎರಡು ತಿಂಗಳಾದ ಮೇಲೆ ಅವನೇ ಫೋನು ಮಾಡಿಸಿದ. ಎಣ್ಣೆ ತಿಕ್ಕುವವರು ಮೂವರು ಬಂದು ಹೋಗಿದ್ದರು. ನಾಲಿಗೆ ಮತ್ತೆ ತಿರುಗುತ್ತಿತ್ತು, ಕಾಲು ಎಳೆದುಕೊಂಡು ನಡೆಯುತ್ತಿದ್ದ, ಕೈ ಮಾತ್ರ ತೊಡೆಯ ಮೇಲೆ ಇನ್ನೊಬ್ಬರ ವಸ್ತುವಿನಂತೆ ಬಿದ್ದಿತ್ತು.

ಶಿವಲಕ್ಷ್ಮಿ ತನ್ನ ಪ್ರಬಂಧದ ಮೇಡಂ ಹತ್ತಿರ ಹೋಗಿ ಕೇಳಿದಳು. ಮನೆಯವರನ್ನು ಪ್ರಬಂಧಕ್ಕೆ ಸೇರಿಸಬಾರದು, ಆದರೆ ಚಿಕಿತ್ಸೆ ಧಾರಾಳವಾಗಿ ಕೊಡು ಎಂದರು ಮೇಡಂ. ಮಣಿಕಟ್ಟು ಸ್ವಲ್ಪವಾದರೂ ಮೇಲೇಳುತ್ತದೆಯೇ ಎಂದು ಕೇಳಿದರು. ಏಳುತ್ತದಂತೆ ಎಂದಳು. ಹಾಗಿದ್ದರೆ ಆ ಕೈ ಬರುತ್ತದೆ. ಮೊದಲ ಆರು ತಿಂಗಳು ಬೇಗ ಕಲಿಯುತ್ತದೆ, ಆಮೇಲೆ ಬಹಳ ನಿಧಾನ, ತಡಮಾಡಬೇಡ ಎಂದರು.

ಮನೆಗೆ ಬಂದವಳನ್ನು ತಿಪ್ಪಮ್ಮ ಅಪ್ಪಿಕೊಂಡು ಅತ್ತಳು. ಇಷ್ಟು ವರ್ಷದಲ್ಲಿ ಅದು ಮೊದಲನೆಯ ಸಲ. ಹಂಪಣ್ಣ ಕುರ್ಚಿಯಲ್ಲಿ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದೆ ಇಟ್ಟ.

"ತಿಕ್ಕವ್ವ. ಚೊಲೋ ಎಣ್ಣಿ ತರಿಸೀನಿ."

"ಈ ಕೈ ನಾ ಮುಟ್ಟಲ್ಲ ದೊಡ್ಡಪ್ಪ. ಆ ಕೈ ಕಟ್ಟತೀನಿ."

ಸರಿಯಾಗಿರುವ ಎಡಗೈಗೆ ಬೆರಳೇ ಇಲ್ಲದ ಗವಸು ಹಾಕಿ ಕಟ್ಟಿಬಿಡುವುದು, ಎದ್ದಾಗಿನಿಂದ ದಿನಕ್ಕೆ ಆರು ತಾಸು ಉಣ್ಣುವುದು, ಗುಂಡಿ ಹಾಕುವುದು, ಬಾಗಿಲು ತೆಗೆಯುವುದು ಎಲ್ಲವನ್ನೂ ಬಿದ್ದ ಕೈಯಿಂದಲೇ ಮಾಡಿಸುವುದು, ಹೀಗೆ ಮೂರು ವಾರ. ಅವಳ ಪ್ರಬಂಧವೂ ಇದೇ. ಯಾರೂ ಸಹಾಯಕ್ಕೆ ಹೋಗಬಾರದು, ಚೆಲ್ಲಿದರೆ ಚೆಲ್ಲಲಿ, ಬಿದ್ದರೆ ಬೀಳಲಿ. ಇದನ್ನೆಲ್ಲ ಅವಳು ನಿಧಾನವಾಗಿ, ಒಂದೊಂದು ಮಾತನ್ನೂ ಚಪ್ಪರಿಸುತ್ತ ಹೇಳಿದಳು. ತಿಪ್ಪಮ್ಮನ ಅಳು ನಿಂತಿತು.

ಗವಸನ್ನು ರಾಮಾಂಜಿನಮ್ಮನೇ ಹೊಲಿದಳು. ದಪ್ಪ ಜೀನ್ಸಿನ ಚೂರು, ಒಳಗೆ ಹತ್ತಿ, ಮಣಿಕಟ್ಟಿಗೆ ಪಟ್ಟಿ. ಹೊಲಿಗೆ ನೋಡಿ ರವಿತೇಜ, ಚಿಕ್ಕಮ್ಮ ಇದನ್ನ ಎಕ್ಸ್‌ಪೋರ್ಟ್ ಮಾಡಬಹುದು ಎಂದು ನಕ್ಕ. ರಾಮಾಂಜಿನಮ್ಮ ನಗಲಿಲ್ಲ. ದಾರ ಹಲ್ಲಿನಿಂದ ಕಡಿದು ಗವಸನ್ನು ಮಗಳ ಕೈಗೆ ಕೊಟ್ಟಳು.

ಯಾವ ಯಾವ ಕೆಲಸ ಎಂಬ ಪಟ್ಟಿಯನ್ನು ಶಿವಲಕ್ಷ್ಮಿ ಬರೆದಳು. ತನ್ನ ತಟ್ಟೆ ತಾನು ತೊಳೆಯುವುದು. ತನ್ನ ಪಂಚೆ ತಾನು ಮಡಿಸುವುದು. ಶೇಂಗಾ ಸುಲಿಯುವುದು. ಮಧ್ಯಾಹ್ನ ಎರಡು ತಾಸು ಕೆಳಗಿನ ಶೆಡ್ಡಿನಲ್ಲಿ ಹೆಂಗಸರ ಜೊತೆ ನೆಲಕ್ಕೆ ಕೂತು, ಹೊಲಿದು ಮುಗಿದ ಪ್ಯಾಂಟಿನಲ್ಲಿ ಉಳಿದ ದಾರದ ತುಂಡುಗಳನ್ನು ಹೆಕ್ಕಿ ತೆಗೆಯುವುದು. ಶೆಡ್ಡಿನಲ್ಲಿ ಅದಕ್ಕಿಂತ ಕೆಳಗಿನ ಕೆಲಸ ಇರಲಿಲ್ಲ. ಬೆರಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವೂ ಇರಲಿಲ್ಲ. ಹಂಪಣ್ಣ ಪಟ್ಟಿಯನ್ನು ಎರಡು ಸಲ ಓದಿಸಿ ಕೇಳಿದ. ಕೊನೆಗೆ ಕಟಿಂಗ್ ಮಷೀನು ಹಿಡಿಯುವಂತಾಗುತ್ತದೋ ಎಂದಷ್ಟೇ ಕೇಳಿದ. ಆಗುತ್ತದೆ ಎಂದಳು. ಎಡಗೈ ಮುಂದೆ ಚಾಚಿದ.

ಮೊದಲ ದಿನ ಅವನು ಪ್ಯಾಂಟುಗಳ ರಾಶಿಯ ಮುಂದೆ ಕೂತಾಗ ಹದಿನಾರು ಮಷೀನೂ ಒಂದು ಗಳಿಗೆ ನಿಂತವು. ದಾರ ಹೆಕ್ಕುವ ದ್ಯಾಮಮ್ಮನಿಗೆ ಐವತ್ತು ದಾಟಿತ್ತು. ಇಪ್ಪತ್ತು ವರ್ಷ ಅವನ ಬೈಗುಳ ತಿಂದವಳು. ಅವನು ಅರ್ಧ ತಾಸು ಹೆಣಗಿ ಬದಿಗಿಟ್ಟ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಮಾಸ್ಟರ್, ಇಲ್ಲೊಂದು ದಾರ ಉಳದೈತ್ರಿ. ಪೀಸು ವಾಪಸ್ ಬಂದ್ರ ಯಾರು ಜವಾಬು?"

ಅದು ಅವನದೇ ಮಾತು, ಅವನದೇ ರಾಗ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹಂಪಣ್ಣನ ಕಿವಿ ಕೆಂಪಾಯಿತು. ಗವಸಿನ ಕೈ ಎತ್ತಿದ, ಅದರಿಂದ ಏನೂ ಮಾಡಲಾಗದೆ ಇಳಿಸಿದ. ಮೆಟ್ಟಿಲ ಮೇಲೆ ನಿಂತ ಶಿವಲಕ್ಷ್ಮಿ ಅದನ್ನು ಕಣ್ತುಂಬ ನೋಡಿದಳು. ಬೆಲ್ಲದ ಪಾಕ ಗಂಟಲಲ್ಲಿ ಇಳಿದಂತಾಯಿತು.

ಸಂಜೆ ತಿಪ್ಪಮ್ಮ ಜಗಳಕ್ಕೆ ನಿಂತಳು. ಊಟದ ಹೊತ್ತಿಗೆ ಗಂಡ ಅನ್ನ ಮೈಮೇಲೆಲ್ಲ ಚೆಲ್ಲಿಕೊಂಡು, ಅರ್ಧ ಹೊಟ್ಟೆಯಲ್ಲಿ ಎದ್ದಿದ್ದ.

"ಇದು ಓದೇನು, ಹಗೆ ತೀರಿಸ್ಕೊಳ್ಳೋದೇನು? ಖರೇ ಹೇಳು ಶಿವಿ."

"ಎರಡೂ ದೊಡ್ಡಮ್ಮ. ಆದ್ರ ಪಟ್ಟಿ ತಪ್ಪಿಲ್ಲ. ಬೇಕಂದ್ರ ನಮ್ಮ ಮೇಡಂನ ಕೇಳ್ರಿ."

"ನಿಮ್ಮವ್ವಗ ಆಗಿದ್ದು ಎಂದೋ ಆಗಿ ಹೋತು. ಈಗ ಅದನ್ನ ಕೆದರ್ತಿಯಾ?"

"ಎಂದೋ ಅಲ್ಲ. ಇವತ್ತು ಬೆಳಿಗ್ಗೇನೂ ಆಕಿ ಹೆರಳು ನಾನೇ ಹಾಕೀನಿ."

ರಾಮಾಂಜಿನಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಎದ್ದು ಬಂದು ತಿಪ್ಪಮ್ಮನ ಭುಜ ಹಿಡಿದು, ಅಕ್ಕ ನೀವು ಮನಸಿಗೆ ಹಚ್ಚಿಕೊಳ್ಳಬ್ಯಾಡ್ರಿ, ಹುಡುಗಿ ಬಿಸಿರಕ್ತ, ಭಾವನ ಊಟ ನಾ ನೋಡ್ಕೊಂತೀನಿ ಎಂದಳು. ಇಷ್ಟಾದ ಮೇಲೂ ಅವ್ವನಿಗೆ ಎಲ್ಲಿಂದ ಬರುತ್ತದೋ ಈ ಕರುಣೆ ಎಂದು ಶಿವಲಕ್ಷ್ಮಿ ಹಲ್ಲು ಕಚ್ಚಿದಳು.

ಮೊದಲ ವಾರ ಅವಳು ಮನೆಯಲ್ಲೇ ಇದ್ದಳು. ಮರದ ಸಣ್ಣ ತುಂಡುಗಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಒಂದು ನಿಮಿಷದಲ್ಲಿ ಎಷ್ಟು ಹಾಕುತ್ತಾನೆಂದು ಎಣಿಸುವುದು ಪರೀಕ್ಷೆ. ಬಂದ ದಿನ ಒಂಬತ್ತು ಹಾಕಿದ್ದ. ವಾರದ ಕೊನೆಗೆ ಹದಿನಾಲ್ಕು. ಶೇಂಗಾ ಸಿಪ್ಪೆ ಪಟ್ಟೆಂದು ಒಡೆದಾಗ ಹಂಪಣ್ಣ ಸುತ್ತ ನೋಡಿದ, ಯಾರಾದರೂ ಕಂಡರೋ ಎಂದು. ಸೋಮವಾರ ಅವಳು ಬಳ್ಳಾರಿಗೆ ಹೋಗಬೇಕಿತ್ತು, ಆಸ್ಪತ್ರೆಯ ಡ್ಯೂಟಿ. ಗವಸು ಎಷ್ಟು ಹೊತ್ತು ಇತ್ತು, ಯಾವ ಕೆಲಸ ಮಾಡಿದ ಎಂದು ಬರೆಯುವ ಪುಸ್ತಕವನ್ನು ರವಿತೇಜನಿಗೆ ಕೊಟ್ಟು ಹೋದಳು.

ಶನಿವಾರ ಬಂದು ಪುಸ್ತಕ ತೆರೆದರೆ ಎಲ್ಲ ಕಡೆ ಸರಿ ಗುರುತು. ದಿನಾ ಆರು ತಾಸು, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೇ ಪೆನ್ನು, ಒಂದೇ ಬರಹ. ಹಂಪಣ್ಣನ ಮುಖ ತುಂಬಿಕೊಂಡಿತ್ತು, ಕೆನ್ನೆ ಹೊಳೆಯುತ್ತಿತ್ತು. ಪೆಟ್ಟಿಗೆ ಮುಂದಿಟ್ಟಳು. ಎಂಟು ತುಂಡು.

ಅವಳು ಮತ್ತೊಮ್ಮೆ ಮಾಡಿಸಿದಳು. ಮತ್ತೆ ಎಂಟು.

ರವಿತೇಜ ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಸರುಕು ಯಾವಾಗ ಕಳಿಸುತ್ತೇನೆಂದು ಹೇಳುತ್ತಿದ್ದ. ಮುಗಿಸಿ ಬಂದು ತಲೆ ಕೆರೆದುಕೊಂಡ. ಶೆಡ್ಡಿನ ಪ್ರೊಡಕ್ಷನ್ ರಿಜಿಸ್ಟರನ್ನು ಅವನು ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆಯೇ ತುಂಬಿಡುವ ರೂಢಿ. ಇದನ್ನೂ ಹಾಗೇ ತುಂಬಿಟ್ಟಿದ್ದ. ಹಗಲೆಲ್ಲ ಕೆಳಗೇ ಇರುತ್ತೇನೆ, ಮೇಲೇನಾಗುತ್ತದೋ ನನಗೇನು ಗೊತ್ತು ಎಂದ. ಅಪ್ಪ ದಾರ ಹೆಕ್ಕಲು ಬರುವುದನ್ನು ಮಂಗಳವಾರವೇ ಬಿಟ್ಟನಂತೆ. ಶಿವಲಕ್ಷ್ಮಿ ತಿಪ್ಪಮ್ಮನನ್ನು ಹಿಡಿದಳು. ಅವಳು ದೇವರ ಮೇಲೆ ಆಣೆ ಇಟ್ಟು, ನಾನು ಆ ಗವಸಿನ ಪಟ್ಟಿ ಮುಟ್ಟಿಲ್ಲ ಎಂದಳು. ನೀನು ಹೇಳಿದ ಮೇಲೆ ಅವನ ತಟ್ಟೆಯ ಹತ್ತಿರವೂ ಹೋಗಿಲ್ಲ ಎಂದಳು. ಸುಳ್ಳು ಹೇಳುವವಳ ಮುಖ ಅದಾಗಿರಲಿಲ್ಲ.

ಭಾನುವಾರ ಮಡಕಶಿರಾ ಕಡೆ ಹೋಗುವುದಿತ್ತು. ಅಲ್ಲಿ ಗುಡಿಬಂಡೆ ಹತ್ತಿರದ ಒಂದು ಹಳ್ಳಿಯಲ್ಲಿ ಅವಳ ಪ್ರಬಂಧದ ನಾಲ್ಕನೆಯ ರೋಗಿ ಉಜ್ಜಿನಪ್ಪ. ಎರಡು ಬಸ್ಸು ಬದಲಾಯಿಸಿ, ಆಟೋದಲ್ಲಿ ಮೂಲೆಗೆ ಕೂತು ಹೋದಳು. ಹೋದಾಗ ಉಜ್ಜಿನಪ್ಪನ ಹೆಂಡತಿ ಟೀ ಲೋಟವನ್ನು ಜಗಲಿಯ ಆ ತುದಿಗೆ ಇಟ್ಟು, ಎದ್ದು ತಗೊಂಡು ಕುಡಿ, ಹೂವಿನ ತೋಟಕ್ಕೆ ಹೊತ್ತಾಯ್ತು ಎಂದು ತಿರುಗಿಯೂ ನೋಡದೆ ಹೋದಳು. ಅವಳಿಗೆ ಗವಸೂ ಬೇಕಿರಲಿಲ್ಲ, ಪುಸ್ತಕವೂ ಬೇಕಿರಲಿಲ್ಲ. ಉಜ್ಜಿನಪ್ಪ ಹೆಂಡತಿಯನ್ನು ಬೈಯುತ್ತ ಬಿದ್ದ ಕೈಯಿಂದಲೇ ಲೋಟ ಹಿಡಿದು ಕುಡಿದ. ಇಪ್ಪತ್ತಾರು ತುಂಡು ಹಾಕಿದ.

ಅಲ್ಲಿಂದ ಅಜ್ಜಿಮನೆ ಎರಡು ಮೈಲಿ. ಬೊಮ್ಮಕ್ಕಜ್ಜಿ ಹುರುಳಿಸಾರು, ಬಿಸಿ ಮುದ್ದೆ ಬಡಿಸಿ, ಮೊಮ್ಮಗಳು ನುಂಗುವುದನ್ನು ನೋಡುತ್ತ ಕೂತಳು. ಮಾತು ರಾಯದುರ್ಗಕ್ಕೆ ಬಂತು. ರಾಮಾಂಜಿ ಫೋನ್ ಮಾಡಿದ್ದಳು, ಭಾವನಿಗೆ ತಾನೇ ತುತ್ತು ಮಾಡಿ ಉಣ್ಣಿಸ್ತೀನಿ ಅಂದಳು ಎಂದು ಅಜ್ಜಿ ಹೇಳಿದಳು.

ಶಿವಲಕ್ಷ್ಮಿಯ ಕೈ ತಟ್ಟೆಯಲ್ಲೇ ನಿಂತಿತು.

"ಅವ್ವನಾ? ಅವ್ವ ಉಣ್ಣಿಸ್ತಾಳಾ?"

"ಮೂರು ಹೊತ್ತೂ ಅಂತೆ. ಅಂಗಿ ಗುಂಡೀನೂ ಅವ್ಳೇ ಹಾಕ್ತಾಳಂತೆ." ಅಜ್ಜಿ ಎಲೆಗೆ ಸುಣ್ಣ ಸವರಿದಳು. "ನಾ ಹೆತ್ತವಳು ಕಣೇ. ಅಷ್ಟು ಒಳ್ಳೆಯವಳಲ್ಲ ಅವ್ಳು."

"ಮತ್ತೆ ಯಾಕೆ?"

"ಒಬ್ಬ ರಾಣಿ ಸವತಿ ಮಗನ್ನ ನೆಲ ಮುಟ್ಟಿಸ್ದಂಗೆ ಸಾಕಿದ್ಲಲ್ಲ, ಆ ಕಥೆ ನೆನಪೈತಾ? ಕೂತ್ರೆ ಮಡ್ಲು, ಎದ್ರೆ ಪಲ್ಲಕ್ಕಿ. ಊರೆಲ್ಲ ಎಂಥಾ ತಾಯಿ ಅಂತ ಹೊಗಳ್ತು. ಶತ್ರು ಬಂದ ದಿನ ಆ ಹುಡುಗನ್ಗೆ ನಿಲ್ಲೋಕೆ ಕಾಲೇ ಇರ್ಲಿಲ್ಲ. ಅದನ್ನ ಹೇಳಿದ್ರೆ ನೀನು ಅರ್ಧಕ್ಕೇ ನಿದ್ದೆ ಹೋಗ್ತಿದ್ದೆ. ನಿಮ್ಮವ್ವ ಚಿಕ್ಕೋಳಿದ್ದಾಗ ಕಣ್ಣು ಬಿಟ್ಕೊಂಡು ಕೇಳ್ತಿದ್ಲು."

ಮರುದಿನ ಅವಳು ಬಳ್ಳಾರಿಗೆ ಹೋಗಲಿಲ್ಲ. ಮೂರು ದಿನ ರಜೆ ಕೇಳಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೇಳದೆ ಕೇಳದೆ ರಾಯದುರ್ಗದ ಮನೆಯ ಮೆಟ್ಟಿಲು ಹತ್ತಿದಳು.

ಗವಸು ಗೂಟಕ್ಕೆ ನೇತಾಡುತ್ತಿತ್ತು. ಪಡಸಾಲೆಯಲ್ಲಿ ಹಂಪಣ್ಣ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ, ಮುಂದೆ ರಾಮಾಂಜಿನಮ್ಮ. ಮೊಸರನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ, ಒಂದೊಂದಕ್ಕೂ ಉಪ್ಪಿನಕಾಯಿ ಸೋಕಿಸಿ ಬಾಯಿಗಿಡುತ್ತಿದ್ದಳು. ಗಲ್ಲಕ್ಕೆ ಇಳಿದ ಮೊಸರನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಜಗಿಯುತ್ತಿದ್ದ. ಎರಡೂ ಕೈ ತೊಡೆಯ ಮೇಲೆ ಹೂವಿನಂತೆ ಇದ್ದವು. ಬಾಗಿಲಲ್ಲಿ ನಿಂತ ತಿಪ್ಪಮ್ಮ ಶಿವಲಕ್ಷ್ಮಿಯ ಕಿವಿಯಲ್ಲಿ, ಇಂಥಾ ವಾರಗಿತ್ತಿ ಯಾರಿಗೆ ಸಿಗತಾಳ, ನಾ ಇಷ್ಟು ದಿನ ಕುರುಡಿ ಆಗಿದ್ದೆ ಎಂದು ಕಣ್ಣೊರೆಸಿಕೊಂಡಳು.

ತುತ್ತು ಎತ್ತಿದ ರಾಮಾಂಜಿನಮ್ಮ ಮಗಳನ್ನು ನೋಡಿದಳು. ತುತ್ತು ಹೋಗಬೇಕಾದಲ್ಲಿಗೆ ಹೋಯಿತು.

ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಮಾತಾಯಿತು. ಶಿವಲಕ್ಷ್ಮಿ ನೀರು ಹಾಕುತ್ತಿದ್ದಳು.

"ನಿಂಗ ಗೊತ್ತಿದ್ದಽ ಮಾಡಿದ್ಯಾ ಅವ್ವ?"

ರಾಮಾಂಜಿನಮ್ಮ ರಾಯದುರ್ಗಕ್ಕೆ ಬಂದು ಇಪ್ಪತ್ತೈದು ವರ್ಷ. ಈ ಊರಿನವರಂತೆಯೇ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ತವರಿನ ಮಾತು ಬರುತ್ತಿತ್ತು. ಈಗ ಅದೇ ಬಂತು, ಮೆತ್ತಗೆ.

"ನೀನೇ ಅಲ್ವೇನೇ ಫೋನ್‌ನಾಗೆ ಪಾಠ ಒಪ್ಪಿಸ್ತಿದ್ದೋಳು? ಕೆಲ್ಸ ಕೊಡ್ದಿರೋ ಕೈನ ತಲೆ ಮರ್ತೇಬಿಡ್ತೈತೆ ಅಂದೆ. ಮನೆಯೋರ ಪ್ರೀತೀನೇ ಕೈಗೆ ಮೊದಲ್ನೇ ಶತ್ರು ಅಂದೆ. ನಾ ಕೇಳಿಸ್ಕೊಂಡೆ."

"ಅವ್ವ..."

"ನಾ ಬೈದಿಲ್ಲ, ಹೊಡೆದಿಲ್ಲ. ಉಣ್ಣಿಸ್ದೆ. ಮಂಗಳವಾರ ನಾನೇ ಹೇಳ್ದೆ, ಭಾವ ನಿಮ್ಮಂಥೋರು ಹೆಂಗಸರ ಮಧ್ಯೆ ಕೂತು ದಾರ ಹೆಕ್ಕೋದಾ ಅಂತ. ಮಗು ಹಂಗೆ ಕೈ ಚಾಚಿ ಗವಸು ಬಿಚ್ಚಿಸ್ಕೊಂಡ. ಬಂಡಲ್ ಎತ್ತಿ ಎತ್ತಿ ನನ್ನ ಕೈ ಸತ್ತೋಯ್ತು. ಏನೂ ಎತ್ತದೆ ಅವನ್ದು ಸಾಯ್ಲಿ. ಯಾರು ಬಂದು ನನ್ನ ತಪ್ಪು ಅಂತಾರೆ, ಅನ್ನಲಿ ನೋಡೋಣ."

ಚೊಂಬಿನ ನೀರು ತಟ್ಟೆಯ ಮೇಲೆ ಬೀಳುತ್ತಿತ್ತು. ಮೇಡಂ ಹೇಳಿದ ಆರು ತಿಂಗಳಲ್ಲಿ ಇನ್ನು ಮೂರು ಚಿಲ್ಲರೆ ತಿಂಗಳು ಉಳಿದಿದ್ದವು. ತಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಶಿವಲಕ್ಷ್ಮಿಗೆ ತಿಳಿಯಿತು. ದಾರ ಹೆಕ್ಕಿಸಿ ತಾನು ಗೆದ್ದೆನೆಂದುಕೊಂಡಿದ್ದಳು. ಆ ದಾರವೇ ಅವನ ಕೈಯನ್ನು ಉಳಿಸುತ್ತಿತ್ತು. ಸೇಡು ಎಂದರೆ ಹೇಗಿರುತ್ತದೆಂಬುದು ಈ ಬಚ್ಚಲಕಟ್ಟೆಯ ಮೇಲೆ ಕೂತು ಪಾತ್ರೆ ತಿಕ್ಕುವವಳಿಗೆ ಗೊತ್ತಿತ್ತು.

"ಹೇಳ್ತೀಯಾ ಅವನಿಗೆ?" ಎಂದಳು ರಾಮಾಂಜಿನಮ್ಮ.

"ಇಲ್ಲ," ಎಂದಳು ಮಗಳು.

ಅವತ್ತೂ ಮರುದಿನವೂ ಅವಳು ಗವಸು ಮುಟ್ಟಲಿಲ್ಲ. ಹಂಪಣ್ಣ ಕೆಲಸದ ಪಟ್ಟಿಯ ವಿಷಯ ಕೇಳಿದಾಗ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ರಿ ದೊಡ್ಡಪ್ಪ ಎಂದಳು. ಅವನ ಮುಖ ಅರಳಿತು. ಅಂಗಿಯ ಗುಂಡಿಯನ್ನು ತಾನೇ ಹಾಕಿದಳು. ತಾನೇ ಬಾಳೆಹಣ್ಣು ಸುಲಿದು ಬಾಯಿಗಿಟ್ಟಳು. ಶಿವಿ ಕೈ ಬಂಗಾರ ಐತಿ ಎಂದು ಅವನು ಹೆಂಡತಿಗೆ ಹೇಳಿದಾಗ ಅವಳಿಗೆ ಮತ್ತೆ ಬೆಲ್ಲದ ರುಚಿ ಬಂತು. ಪ್ರತಿ ತುತ್ತಿಗೂ ಒಂದು ಬೆರಳು ಹೋಯಿತು ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು.

ಆದರೆ ಎರಡು ದಿನ ಮನೆಯಲ್ಲಿದ್ದವಳಿಗೆ ಇನ್ನೂ ಕೆಲವು ಕಂಡವು. ಒಂದು ಊಟಕ್ಕೆ ಮುಕ್ಕಾಲು ತಾಸು, ದಿನಕ್ಕೆ ಮೂರು ಸಲ. ಅವ್ವ ಉಣ್ಣುವುದು ಮೂರು ಗಂಟೆಗೆ, ಆರಿದ ಮುದ್ದೆ, ಅದೇ ಬಚ್ಚಲಕಟ್ಟೆ. ಕರೆ ನಿಲ್ಲುತ್ತಲೇ ಇರಲಿಲ್ಲ. ಬೆನ್ನು ಕಡಿದರೆ ರಾಮಾಂಜಿ. ಫ್ಯಾನು ಜೋರಾದರೆ ರಾಮಾಂಜಿ. ನೊಣ ಕೂತರೂ ರಾಮಾಂಜಿ. ತಿಪ್ಪಮ್ಮ ನಿಶ್ಚಿಂತೆಯಿಂದ ಟೀವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡಿ ಮುಂದೆ ನಿಂತ ಅವನಿಗೆ ಎಣ್ಣೆ ಹಚ್ಚಿ ತಲೆ ಬಾಚಲು ಅವ್ವ ಕೈ ಎತ್ತಿದಳು, ಭುಜ ಅಡ್ಡಬಂತು. ಸ್ಟೂಲು ತಂದು ಅದರ ಮೇಲೆ ಹತ್ತಿ ನಿಂತು ಬಾಚಿದಳು.

ಬುಧವಾರ ಬೆಳಿಗ್ಗೆ ತಾಯಿಯ ಹೆರಳು ಹಾಕುತ್ತ ಶಿವಲಕ್ಷ್ಮಿ ಕೇಳಿದಳು.

"ದೊಡ್ಡಪ್ಪನ ವಯಸ್ಸೆಷ್ಟು ಅವ್ವ?"

"ಐವತ್ತೆಂಟು."

"ಅವರಪ್ಪ ಎಷ್ಟು ವರ್ಷ ಬದುಕಿದ್ರು?"

"ಎಂಬತ್ತೆರಡು. ಯಾಕ?"

"ಹಂಗಾದ್ರ ಇನ್ನ ಇಪ್ಪತ್ನಾಲ್ಕು ವರ್ಷ ನೀ ಉಣ್ಣಿಸಬೇಕು. ದಿನಾ ಮೂರು ಹೊತ್ತು."

ಹೆರಳಿನ ಮೂರು ಎಳೆ ಕೈಯಲ್ಲಿ ಹಾಗೇ ಇದ್ದವು. ರಾಮಾಂಜಿನಮ್ಮ ಕತ್ತು ತಿರುಗಿಸಲಿಲ್ಲ.

"ಸತ್ತ ಕೈಗೆ ಏನೂ ಗೊತ್ತಾಗಲ್ಲ ಅವ್ವ. ಅವ್ರು ರಾಜನಂಗ ಕುಂತಾರ. ಊರೆಲ್ಲ ಅಯ್ಯೋ ಪಾಪ ಅಂತೈತಿ. ದೊಡ್ಡಮ್ಮಗ ಟೀವಿ ಸಿಕ್ತು. ಶಿಕ್ಷೆ ಯಾರಿಗಾತು, ಹೇಳು."

"ಹಂಗಂತ ವಾಸಿ ಮಾಡಿ ಕೂರಿಸ್ಬೇಕಾ ಅವನ್ನ? ಮತ್ತೆ ಮಷೀನ್ ಹಿಡ್ದು ನಮ್ಮ ತಲೆ ಮೇಲೆ ಮೆರೀಲಿ ಅಂತಾನಾ?"

"ಮಷೀನ್ ಹಿಡಿಯಾಕ ವರ್ಷ ಬೇಕು. ಹಿಡಿದ್ರೂ ಹಿಡೀಬಹುದು, ಇಲ್ಲಾಂದ್ರೂ ಇಲ್ಲ. ಅಲ್ಲೀತನಕ ತಟ್ಟಿ ತೊಳೀಲಿ. ಪಂಚೆ ಮಡಿಸಲಿ. ದಾರ ಹೆಕ್ಕಲಿ. ನೋವು ಗೊತ್ತಾಗಬೇಕಂದ್ರ ಕೈ ಬದುಕಿರಬೇಕವ್ವ. ನಿಂದು ಬದುಕೇ ಐತಿ, ಅದಕ್ಕಽ ನಿಂಗ ಗೊತ್ತು."

ಹೆರಳು ಮುಗಿದ ಮೇಲೆ ರಾಮಾಂಜಿನಮ್ಮ ಎದ್ದು ಅನ್ನಕ್ಕೆ ಎಸರಿಟ್ಟಳು. ಪಡಸಾಲೆಯಿಂದ ಕರೆ ಬಂತು. ಅವಳು ಓಗೊಡದಿದ್ದದ್ದು ಅದೇ ಮೊದಲು.

ಮಧ್ಯಾಹ್ನ ಅವಳು ಎರಡು ತಟ್ಟೆ ತಂದಳು. ಒಂದನ್ನು ಹಂಪಣ್ಣನ ಮುಂದಿಟ್ಟಳು. ಗೂಟದಿಂದ ಗವಸು ತೆಗೆದು, ಅವನ ಎಡಗೈ ಎತ್ತಿ, ಒಳಗೆ ತೂರಿಸಿ, ಪಟ್ಟಿ ಎರಡು ಸುತ್ತು ಬಿಗಿದಳು. ಶಿವಲಕ್ಷ್ಮಿ ಎಂದೂ ಅಷ್ಟು ಬಿಗಿಯಾಗಿ ಕಟ್ಟಿರಲಿಲ್ಲ. ಆಮೇಲೆ ಇನ್ನೊಂದು ತಟ್ಟೆಯನ್ನು ಅವನೆದುರಿಗೇ, ಪಡಸಾಲೆಯ ನಟ್ಟನಡುವೆ ಇಟ್ಟುಕೊಂಡು ಕೂತು, ಅನ್ನಕ್ಕೆ ಸಾರು ಕಲಸಿದಳು.

ತುತ್ತು ತನಗೇ ಎಂದುಕೊಂಡು ಹಂಪಣ್ಣ ಬಾಯಿ ತೆರೆದ. ತುತ್ತು ರಾಮಾಂಜಿನಮ್ಮನ ಬಾಯಿಗೆ ಹೋಯಿತು.

ಊಟಕ್ಕೆ ಮೇಲೆ ಬಂದ ರವಿತೇಜ ಹೊಸ್ತಿಲಲ್ಲೇ ನಿಂತ. ತಿಪ್ಪಮ್ಮ ಅಡುಗೆಮನೆಯಿಂದ ಓಡಿ ಬಂದಳು. ಇದೇನು ರಾಮಾಂಜಿ, ಆತ ಹಸಿದಾನ ಎಂದಳು.

"ಅಕ್ಕ, ನೀವೂ ತಟ್ಟಿ ತಂದು ಕುಂದರ್ರಿ," ಎಂದಳು ರಾಮಾಂಜಿನಮ್ಮ. ನಿಧಾನವಾಗಿ ಜಗಿದು ನುಂಗಿ, ಹಂಪಣ್ಣನ ಮುಖವನ್ನೇ ನೋಡಿದಳು. "ಭಾವ, ಇಷ್ಟು ದಿನ ನಾ ಉಣ್ಣಿಸಿದ್ದು ನಿಮ್ಮ ಕೈ ಸಾಯಲಿ ಅಂತ. ಶಿವಿನ ಕೇಳ್ರಿ ಬೇಕಂದ್ರ. ಇನ್ನ ಉಣ್ಣಿಸಂಗಿಲ್ಲ."

ಹಂಪಣ್ಣ ಶಿವಲಕ್ಷ್ಮಿಯ ಕಡೆ ತಿರುಗಿದ. ಅವಳು ಹೌದು ಎಂದಳು. ಅವನು ತೆರೆದ ಬಾಯಿ ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ತಿಪ್ಪಮ್ಮ ಅಲ್ಲೇ ಕೂತುಬಿಟ್ಟಳು. ಕೆಳಗಿನ ಮಷೀನುಗಳ ಸದ್ದು ಮೇಲಕ್ಕೆ ಬರುತ್ತಿತ್ತು.

ಬಹಳ ಹೊತ್ತಾದ ಮೇಲೆ ಬಲಗೈ ತೊಡೆಯಿಂದ ಸರಿಯಿತು. ತಟ್ಟೆಯ ಅಂಚಿಗೆ ಬಂತು. ಬೆರಳು ಅನ್ನದೊಳಗೆ ಇಳಿದವು, ಮುಚ್ಚಿಕೊಳ್ಳಲಿಲ್ಲ, ಮತ್ತೆ ಇಳಿದವು. ಮೊದಲ ತುತ್ತು ಎದೆಯ ಮೇಲೆ ಬಿತ್ತು. ಎರಡನೆಯದು ಮಡಿಲಿಗೆ. ಮೂರನೆಯದರಲ್ಲಿ ನಾಲ್ಕು ಅಗುಳು ಬಾಯಿ ಸೇರಿತು. ರಾಮಾಂಜಿನಮ್ಮ ಅನ್ನ ಮುಗಿಸಿ ಮಜ್ಜಿಗೆ ಹಾಕಿಕೊಂಡಳು. ಅವಳಿಗೆ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ.

ನಾಲ್ಕು ಅಗುಳೇ ಗಂಟಲಿಗೆ ಅಡ್ಡ ಸಿಕ್ಕಿದಂತಾಗಿ ಹಂಪಣ್ಣ ಕೆಮ್ಮಿದ.

"ನೀರು," ಎಂದ.

"ಕೊಡ ಅಲ್ಲೈತ್ರಿ."

ಅವನು ಗೋಡೆಗೆ ಭುಜ ಕೊಟ್ಟು ಎದ್ದ. ಕಾಲು ಎಳೆಯುತ್ತ ಹೋದ. ಮುಚ್ಚಳ ತೆಗೆಯಲು ಹೊತ್ತಾಯಿತು; ಅದು ಕೆಳಗೆ ಬಿದ್ದು ಉರುಳಿತು. ಲೋಟ ತುಂಬಿಕೊಂಡು ಕುಡಿದ, ಅಂಗಿಯೆಲ್ಲ ಒದ್ದೆ.

"ಭಾವ," ಎಂದಳು ರಾಮಾಂಜಿನಮ್ಮ ಕೂತಲ್ಲಿಂದಲೇ, "ನನಗೂ ಒಂದು ಲೋಟ ತರ್ರಿ."

ತಿಪ್ಪಮ್ಮ ಏಳಹೋದಳು. ಶಿವಲಕ್ಷ್ಮಿ ಅವಳ ಮೊಣಕೈ ಹಿಡಿದಳು.

ಹಂಪಣ್ಣ ನಿಂತ. ಗವಸಿನ ಕೈಯನ್ನು ನೋಡಿದ, ಇನ್ನೊಂದನ್ನು ನೋಡಿದ. ಲೋಟವನ್ನು ಮತ್ತೆ ಕೊಡದೊಳಗೆ ಇಳಿಸಿದ. ಬಲಗೈಯಲ್ಲಿ ಅದನ್ನು ಎದೆಗೊತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದ. ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು.

ರಾಮಾಂಜಿನಮ್ಮ ಉಳಿದರ್ಧವನ್ನು ಪೂರಾ ಕುಡಿದು, ಲೋಟವನ್ನು ಅವನ ಅದೇ ಕೈಗೆ ಹಿಂದಿರುಗಿಸಿದಳು.

"ಇನ್ನೊಂದು," ಎಂದಳು.